ಮೇನ್ ಕೂನ್: ರೇವುಪಟ್ಟಣಗಳಲ್ಲಿ ರೂಪುಗೊಂಡ ದೊಡ್ಡ ಬೆಕ್ಕು

ಉತ್ತರ ಕನ್ನಡದ ಮನೆಗಳಿಗೆ ಬೆಕ್ಕು ಹೊಸದಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆ, ಭತ್ತ ತುಂಬಿದ ಅಟ್ಟವಿದ್ದಲ್ಲಿ ಇಲಿ ಕಾಯಲು ಒಂದು ಬೆಕ್ಕು ಇದ್ದೇ ಇರುತ್ತದೆ. ಘಟ್ಟದ ಕೆಳಗೆ ಕಾರವಾರದ ಬೈತಖೋಲ, ಕುಮಟಾ ತಾಲೂಕಿನ ತದಡಿಯಂಥ ಮೀನುಗಾರಿಕೆ ಬಂದರುಗಳಲ್ಲಿ ದೋಣಿ ದಡ ಸೇರುವ ಹೊತ್ತಿಗೆ ಬೆಕ್ಕುಗಳೂ ಹಾಜರಾಗುತ್ತವೆ. ಇವೆಲ್ಲ ಗಿಡ್ಡ ಕೂದಲಿನ, ತೆಳುಮೈಯ, ಮೂರು-ನಾಲ್ಕು ಕಿಲೋ ತೂಗುವ ನಾಡಬೆಕ್ಕುಗಳು. ಕಳೆದ ಕೆಲವು ವರ್ಷಗಳಲ್ಲಿ ಪೇಟೆಯ ಮನೆಗಳಿಗೆ ಚಪ್ಪಟೆ ಮುಖದ ಪರ್ಷಿಯನ್ ಬೆಕ್ಕುಗಳು ಬಂದು ಸೇರಿದವು. ಈಗ ಮೊಬೈಲಿನಲ್ಲಿ ಓಡಾಡುವ ಮಾರಾಟದ ಜಾಹೀರಾತುಗಳಲ್ಲಿ ಮೇನ್ ಕೂನ್ ಎಂಬ ಮತ್ತೊಂದು ಹೆಸರು ಕಾಣಿಸಿಕೊಳ್ಳುತ್ತಿದೆ. ಎತ್ತಿಕೊಂಡವರ ಎದೆಯಿಂದ ತೊಡೆಯವರೆಗೆ ಇಳಿಬಿದ್ದ ಮೈ, ಕಿವಿಯ ತುದಿಯಲ್ಲಿ ಕೂದಲಿನ ಕುಚ್ಚು, ಮೈಯಷ್ಟೇ ಉದ್ದದ ಪೊದೆಬಾಲ, ಇಷ್ಟು ಪಟದಲ್ಲಿ. ಪಟದ ಕೆಳಗೆ ಸಾಮಾನ್ಯವಾಗಿ ಎರಡು ಮಾತು: ಇದು ರಾಜಮನೆತನದ ಬೆಕ್ಕು, ಇದರ ಸ್ವಭಾವ ನಾಯಿಯದು. ಮೊದಲನೆಯ ಮಾತು ಕಟ್ಟುಕತೆ, ಎರಡನೆಯದು ಅರ್ಧ ನಿಜ. ಈ ತಳಿಯ ಮೈಕಟ್ಟೂ ಮನೋಧರ್ಮವೂ ಒಂದು ನಿರ್ದಿಷ್ಟ ಸೀಮೆಯ ಹವೆಯಿಂದ ಮತ್ತು ಅಲ್ಲಿ ಅದು ಮಾಡುತ್ತಿದ್ದ ಕೆಲಸದಿಂದ ಬಂದವು. ನಮ್ಮ ಕರಾವಳಿಯಲ್ಲಿ ಅದನ್ನು ಸಾಕುವುದು ಎಷ್ಟು ಸರಿ ಎಂಬ ಪ್ರಶ್ನೆಗೂ ಉತ್ತರವನ್ನು ಅಲ್ಲಿಯೇ ಹುಡುಕಬೇಕು.

ಮೇನ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿರುವ ರಾಜ್ಯ. ಮರ ಕಡಿಯುವುದು, ಹಡಗು ಕಟ್ಟುವುದು, ಮೀನು ಹಿಡಿಯುವುದು ಅಲ್ಲಿನ ಹಳೆಯ ಕಸುಬುಗಳು. ಅಂಕುಡೊಂಕಾದ ಕರಾವಳಿ, ನದೀಮುಖಗಳಲ್ಲಿ ಚಿಕ್ಕ ಚಿಕ್ಕ ರೇವುಗಳು, ಹಿಂದೆ ದಟ್ಟವಾದ ಕಾಡು ಎಂದು ವರ್ಣಿಸಿದರೆ ಅಂಕೋಲಾ, ಹೊನ್ನಾವರಗಳ ಕಡೆಯವರಿಗೆ ಆ ನಾಡು ಅರ್ಧ ಪರಿಚಿತವೆನಿಸಬಹುದು. ಉಳಿದ ಅರ್ಧ ಚಳಿಗಾಲ. ಅಲ್ಲಿ ತಿಂಗಳುಗಟ್ಟಲೆ ಹಿಮ ನಿಂತಿರುತ್ತದೆ, ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ.

ಈ ಬೆಕ್ಕಿನ ಹುಟ್ಟಿನ ಬಗ್ಗೆ ಇರುವ ಕತೆಗಳಲ್ಲಿ ಹೆಚ್ಚು ಮಾರಾಟವಾಗುವುದು ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಳದು. ಕ್ರಾಂತಿಯ ಕಾಲದಲ್ಲಿ ಅವಳನ್ನು ತಪ್ಪಿಸಿ ಕರೆದೊಯ್ಯಲು ಸ್ಯಾಮ್ಯುಯೆಲ್ ಕ್ಲಫ್ ಎಂಬ ಮೇನ್‌ನ ನಾವಿಕ ತನ್ನ ಹಡಗನ್ನು ಸಿದ್ಧವಾಗಿಟ್ಟಿದ್ದನಂತೆ. ಪೀಠೋಪಕರಣಗಳೂ ರಾಣಿಯ ಪ್ರೀತಿಯ ಉದ್ದಗೂದಲಿನ ಬೆಕ್ಕುಗಳೂ ಮೊದಲೇ ಹಡಗು ಹತ್ತಿದ್ದವಂತೆ. ಅಷ್ಟರಲ್ಲಿ ಅವಳು ಸೆರೆಸಿಕ್ಕಿ 1793ರ ಅಕ್ಟೋಬರಿನಲ್ಲಿ ಗಿಲೊಟಿನ್ ಎಂಬ ತಲೆ ಕಡಿಯುವ ಯಂತ್ರಕ್ಕೆ ಬಲಿಯಾದಾಗ ಬೆಕ್ಕುಗಳು ಮಾತ್ರ ಮೇನ್‌ನ ವಿಸ್ಕಾಸೆಟ್ ರೇವಿಗೆ ಬಂದಿಳಿದು ಊರಬೆಕ್ಕುಗಳೊಡನೆ ಬೆರೆತವಂತೆ. ಕತೆ ಸೊಗಸಾಗಿದೆ, ಆದರೆ ಅದಕ್ಕೆ ಆಧಾರವಾಗುವ ಆ ಕಾಲದ ದಾಖಲೆ ಇಲ್ಲ. ಅದು ನಿಜವೆಂದೇ ಇಟ್ಟುಕೊಂಡರೂ ಬೆರಳೆಣಿಕೆಯ ಅರಮನೆ ಬೆಕ್ಕುಗಳು ಒಂದು ಇಡೀ ಪ್ರಾಂತದ ಬೆಕ್ಕಿನ ಸಂತತಿಯನ್ನು ಹಾಗೆ ಬದಲಿಸಿಬಿಡುವುದು ಕಷ್ಟ. ಬಡ ರೈತರ ಕೊಟ್ಟಿಗೆಯಲ್ಲಿ ಬೆಳೆದ ಪ್ರಾಣಿಗೆ ರಾಣಿಯ ಸಂಬಂಧ ಕಟ್ಟುವುದು ಮಾರುವವರಿಗೆ ಲಾಭದ ಕೆಲಸವೆಂಬುದು ಬೇರೆ ಮಾತು.

ಇನ್ನೊಂದು ಕತೆ ಹೆಸರಿಗೇ ಅಂಟಿಕೊಂಡಿದೆ. ರಕೂನ್ ಎಂಬುದು ಉತ್ತರ ಅಮೆರಿಕದ ಕಾಡುಪ್ರಾಣಿ. ಕಣ್ಣಿನ ಸುತ್ತ ಕಪ್ಪು ಪಟ್ಟಿ, ದಪ್ಪ ಬಾಲದಲ್ಲಿ ಕಪ್ಪು ಬಳೆಗಳು. ಕಂದು ಪಟ್ಟೆಯ ಮೇನ್ ಬೆಕ್ಕಿನ ಬಾಲದಲ್ಲೂ ಅಂಥ ಬಳೆಗಳಿರುವುದರಿಂದ ಇದು ಬೆಕ್ಕು ಮತ್ತು ರಕೂನಿನ ಕೂಡುವಿಕೆಯಿಂದ ಹುಟ್ಟಿದ್ದು ಎಂದು ಅಲ್ಲಿನ ಹಳ್ಳಿಗರು ಹೇಳಿಕೊಳ್ಳುತ್ತಿದ್ದರು. ರಕೂನ್ ಬೇರೆಯೇ ಕುಟುಂಬಕ್ಕೆ ಸೇರಿದ ಪ್ರಾಣಿಯಾದ್ದರಿಂದ ಇಂಥ ಸಂತಾನ ಅಸಾಧ್ಯ. ಮೂರನೆಯದು ಉತ್ತರ ಯುರೋಪಿನ ವೈಕಿಂಗ್ ನಾವಿಕರು ತಮ್ಮ ಹಡಗುಗಳಲ್ಲಿ ಈ ಬೆಕ್ಕನ್ನು ತಂದರೆಂಬ ಕತೆ. ನಾರ್ವೆಯ ಕಾಡುಬೆಕ್ಕೆಂದು ಹೆಸರಾದ ತಳಿಗೂ ಮೇನ್ ಕೂನಿಗೂ ಮೇಲ್ನೋಟಕ್ಕೆ ನಿಜಕ್ಕೂ ಹೋಲಿಕೆಯಿದೆ. ಸುಮಾರು ಸಾವಿರ ವರ್ಷದ ಹಿಂದೆ ವೈಕಿಂಗರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಕೆಲಕಾಲ ನೆಲೆಸಿದ್ದೂ ನಿಜ. ಆದರೆ ಆ ನೆಲೆ ಬೇಗನೆ ಬರಿದಾಯಿತು, ಆಮೇಲೆ ಯುರೋಪಿಯನ್ನರು ಆ ತೀರದಲ್ಲಿ ಬೇರೂರಿದ್ದು ಆರುನೂರು ವರ್ಷ ಕಳೆದ ಬಳಿಕ. ಅಷ್ಟು ಕಾಲ ಮನುಷ್ಯರ ಆಸರೆಯಿಲ್ಲದೆ ಸಾಕುಬೆಕ್ಕುಗಳು ಆ ಹಿಮದಲ್ಲಿ ಬದುಕಿ ಉಳಿದವೆಂದು ನಂಬುವುದಕ್ಕಿಂತ, ಒಂದೇ ಬಗೆಯ ಚಳಿ ಎರಡು ಕಡೆ ಒಂದೇ ಬಗೆಯ ಮೈಯನ್ನು ಆರಿಸಿತು ಎನ್ನುವುದು ಹೆಚ್ಚು ನಂಬುವಂಥದ್ದು.

ಕತೆಗಳನ್ನು ಬದಿಗಿಟ್ಟರೆ ಉಳಿಯುವುದು ಹಡಗಿನ ಬೆಕ್ಕು. ಸಾಕುಬೆಕ್ಕಿನ ಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕು. ಕೊಲಂಬಸ್ಸನಿಗೆ ಮುಂಚೆ ಅಮೆರಿಕ ಖಂಡಗಳಲ್ಲಿ ಅದು ಇರಲಿಲ್ಲ. ಧಾನ್ಯ, ಹಗ್ಗ, ಬಟ್ಟೆ, ತೊಗಲು ಹೇರಿದ ಹಡಗುಗಳಲ್ಲಿ ಇಲಿಗಳ ಕಾಟ ತಪ್ಪದ್ದರಿಂದ ಬೆಕ್ಕನ್ನು ಜೊತೆಗೊಯ್ಯುವುದು ನಾವಿಕರ ಹಳೆಯ ರೂಢಿ. ಬಾಲ್ಟಿಕ್ ಕರಾವಳಿಯ ರಾಲ್ಸ್‌ವಿಕ್ ಎಂಬ ವೈಕಿಂಗ್ ಕಾಲದ ವ್ಯಾಪಾರದ ರೇವಿನಲ್ಲಿ ಸಿಕ್ಕ ಬೆಕ್ಕಿನ ಎಲುಬಿನಲ್ಲಿ ಈಜಿಪ್ಟ್ ಮೂಲದ ಡಿ.ಎನ್.ಎ. ಇತ್ತೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಡಗುಗಳು ಬೆಕ್ಕನ್ನು ಎಷ್ಟು ದೂರ ಒಯ್ದವು ಎಂಬುದಕ್ಕೆ ಇದೊಂದೇ ಸಾಕು. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿ ತೆರೆದು ಮೆಣಸು, ಬಟ್ಟೆ ತುಂಬಿಸಿಕೊಂಡು ಹೋಗುತ್ತಿದ್ದ ಕಾಲದಲ್ಲಿಯೇ ಅದೇ ದೇಶದ ಹಡಗುಗಳು ಅಟ್ಲಾಂಟಿಕ್ಕಿನ ಆಚೆ ದಡಕ್ಕೆ ವಲಸಿಗರನ್ನೂ ಅವರ ಜಾನುವಾರುಗಳನ್ನೂ ಇಳಿಸುತ್ತಿದ್ದವು. ಬಂದರಿನಲ್ಲಿ ಹಡಗು ನಿಂತಷ್ಟು ದಿನ ಬೆಕ್ಕುಗಳು ದಡಕ್ಕೆ ಹೋಗಿ ಬರುತ್ತಿದ್ದವು, ಕೆಲವು ಅಲ್ಲಿಯೇ ಉಳಿದವು. ಹೀಗೆ ಇಳಿದ ಸಾಮಾನ್ಯ ಬೆಕ್ಕುಗಳ ಸಂತತಿಯೇ ಮೇನ್‌ನ ಗೋದಾಮು, ಕೊಟ್ಟಿಗೆಗಳಲ್ಲಿ ತಲೆಮಾರುಗಟ್ಟಲೆ ಇಲಿ ಹಿಡಿಯುತ್ತ ಬೆಳೆಯಿತು.

ಡಿ.ಎನ್.ಎ. ಅಧ್ಯಯನಗಳು ಹೇಳುವುದೂ ಇದನ್ನೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವಿಭಾಗದಲ್ಲಿ ಲೆಸ್ಲಿ ಲಯನ್ಸ್ ಮತ್ತು ಸಂಗಡಿಗರು ಜಗತ್ತಿನ ಬೇರೆ ಬೇರೆ ಭಾಗದ ಸಾವಿರಕ್ಕೂ ಹೆಚ್ಚು ಬೆಕ್ಕುಗಳನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೇನ್ ಕೂನ್ ಪಶ್ಚಿಮ ಯುರೋಪಿನ ಬೆಕ್ಕುಗಳ ಗುಂಪಿಗೆ ಸೇರಿತು. ಅದೇ ಅಧ್ಯಯನದಲ್ಲಿ ಪರ್ಷಿಯನ್ ಬೆಕ್ಕು ಕೂಡ, ಹೆಸರು ಇರಾನಿನದಾದರೂ, ಪಶ್ಚಿಮ ಯುರೋಪಿನ ಗುಂಪಿನಲ್ಲಿಯೇ ಬಿದ್ದದ್ದು ಹಲವರಿಗೆ ಅಚ್ಚರಿ ತಂದಿತು. ಬೆಕ್ಕಿನ ತಳಿಗಳ ಹೆಸರಿನಲ್ಲಿರುವ ಊರನ್ನು ಅಷ್ಟಾಗಿ ನಂಬಬಾರದು. ಆ ದೃಷ್ಟಿಯಿಂದ ಮೇನ್ ಕೂನ್ ಅಪವಾದ. ಅದರ ಹೆಸರಿನ ಮೊದಲ ಭಾಗವಾದರೂ ನಿಜ.

ಹಾಗಾದರೆ ಸಾಮಾನ್ಯ ಬೆಕ್ಕಿಗೆ ಈ ಉದ್ದಗೂದಲು ಬಂದದ್ದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಆಗುವ ಹೆಚ್ಚಿನ ಮೋಸ ಇಲ್ಲಿಯೇ ಇದೆ. ಬೆಕ್ಕಿನ ಒಂದೊಂದು ಕೂದಲೂ ನಿಗದಿತ ಕಾಲ ಬೆಳೆದು, ನಿಂತು, ಉದುರುತ್ತದೆ. ಬೆಳೆದದ್ದು ಸಾಕೆಂದು ಕೂದಲ ಬುಡಕ್ಕೆ ಸೂಚನೆ ಕೊಡುವ ಜೀನಿಗೆ, ಅಂದರೆ ವಂಶವಾಹಿಗೆ, ಎಫ್.ಜಿ.ಎಫ್. 5 ಎಂದು ಹೆಸರು. ಆ ಜೀನ್ ಕೆಟ್ಟರೆ ಸೂಚನೆ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ, ಕೂದಲು ಹೆಚ್ಚು ಕಾಲ ಬೆಳೆದು ಉದ್ದವಾಗುತ್ತದೆ. ಬೆಕ್ಕುಗಳಲ್ಲಿ ಈ ಜೀನ್ ಕನಿಷ್ಠ ನಾಲ್ಕು ಬೇರೆ ಬೇರೆ ರೀತಿಯಲ್ಲಿ ಕೆಟ್ಟಿರುವುದನ್ನು 2007ರಲ್ಲಿ ಗುರುತಿಸಲಾಯಿತು. ಅವುಗಳಲ್ಲಿ ಒಂದು ಬಹುತೇಕ ಎಲ್ಲ ಉದ್ದಗೂದಲಿನ ತಳಿಗಳಲ್ಲೂ ಹರಡಿದೆ, ಉಳಿದವು ಒಂದೆರಡು ತಳಿಗಳಿಗೆ ಸೀಮಿತ. ಇದು ದುರ್ಬಲ ಗುಣ. ಅಂದರೆ ತಾಯಿಯಿಂದಲೂ ತಂದೆಯಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಕೂದಲು ಉದ್ದವಾಗುತ್ತದೆ. ಒಂದೇ ಪ್ರತಿ ಬಂದ ಬೆಕ್ಕು ನೋಡಲು ಗಿಡ್ಡ ಕೂದಲಿನದೇ ಆಗಿದ್ದು, ಆ ಗುಣವನ್ನು ಒಳಗೊಳಗೇ ಮುಂದಿನ ಪೀಳಿಗೆಗೆ ದಾಟಿಸುತ್ತದೆ. ಅಂಥ ಎರಡು ಬೆಕ್ಕುಗಳು ಕೂಡಿದರೆ ಹುಟ್ಟುವ ಪ್ರತಿ ಮರಿಗೂ ಉದ್ದಗೂದಲು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಶಿರಸಿಯ ಯಾವುದೋ ಓಣಿಯ ಸಾದಾ ಬೆಕ್ಕು ಹಾಕಿದ ನಾಲ್ಕು ಮರಿಗಳಲ್ಲಿ ಒಂದಕ್ಕೆ ಮಾತ್ರ ಮೈತುಂಬ ಜೂಲು ಬಂದು ಮನೆಯವರು ಬೆರಗಾಗುವುದರ ಹಿಂದಿನ ಕಾರಣ ಇದು. ಎಲ್ಲೋ ಒಂದೆರಡು ತಲೆಮಾರಿನ ಹಿಂದೆ ಅಕ್ಕಪಕ್ಕದ ಪರ್ಷಿಯನ್ ಗಂಡುಬೆಕ್ಕೊಂದು ರಾತ್ರಿ ಹೊರಗೆ ತಿರುಗಿ ಬಂದಿದ್ದರೂ ಸಾಕು. ಇಂಥ ಮರಿಯನ್ನು ಮೇನ್ ಕೂನ್ ಎಂದು ಹೇಳಿ ಹತ್ತಾರು ಸಾವಿರ ರೂಪಾಯಿಗೆ ಮಾರುವವರಿದ್ದಾರೆ. ಉದ್ದಗೂದಲು ಒಂದು ಜೀನಿನ ಆಟ, ತಳಿಯೆಂಬುದು ನೂರಾರು ಜೀನುಗಳ ಕೂಟ. ನಿಜವಾದ ಮೇನ್ ಕೂನಿನಲ್ಲಿ ಮೂತಿ ಚೌಕವಾಗಿ ಮುಂದೆ ಚಾಚಿರುತ್ತದೆ, ಕಿವಿಗಳು ದೊಡ್ಡವಾಗಿ ತಲೆಯ ಮೇಲ್ಭಾಗದಲ್ಲಿ ನೆಟ್ಟಗೆ ನಿಂತಿರುತ್ತವೆ, ಮೈ ಆಯತಾಕಾರದ್ದು, ಬಾಲವನ್ನು ಬೆನ್ನಿನ ಮೇಲೆ ಮಡಚಿ ಹಿಡಿದರೆ ಹೆಗಲವರೆಗೆ ಮುಟ್ಟುತ್ತದೆ. ಪರ್ಷಿಯನ್ನಿನ ಗುಂಡುಮುಖ, ಗಿಡ್ಡ ಕಾಲು ಇದಕ್ಕೆ ಇಲ್ಲ. ಹೆಣ್ಣು ನಾಲ್ಕರಿಂದ ಆರು ಕಿಲೋ, ಗಂಡು ಆರರಿಂದ ಒಂಬತ್ತು ಕಿಲೋ ತೂಗುವುದು ಸಾಮಾನ್ಯ. ಅದಕ್ಕೂ ಮೀರಿದವು ಇವೆ, ಆದರೆ ಜಾಹೀರಾತಿನಲ್ಲಿ ಬರುವ ಹದಿನೈದು ಕಿಲೋದ ಮಾತನ್ನು ಪಕ್ಕಕ್ಕಿಡುವುದು ಒಳ್ಳೆಯದು. ಉದ್ದದಲ್ಲಿ ಮಾತ್ರ ಇವು ದಾಖಲೆ ಮಾಡಿವೆ: ಅಮೆರಿಕದ ನೆವಾಡಾದ ಸ್ಟೂಯಿ ಎಂಬ ಮೇನ್ ಕೂನ್ ಮೂಗಿನ ತುದಿಯಿಂದ ಬಾಲದ ತುದಿಯವರೆಗೆ 123 ಸೆಂಟಿಮೀಟರ್ ಅಳೆದು 2010ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು.

ಮೇನ್‌ನ ಹಿಮದಲ್ಲಿ ಈ ಜೀನ್ ವರವಾಯಿತು. ತುಪ್ಪಳವನ್ನು ಹತ್ತಿರದಿಂದ ನೋಡಿದರೆ ಅದು ಎಲ್ಲ ಕಡೆ ಒಂದೇ ಸಮ ಇಲ್ಲವೆಂಬುದು ಕಾಣುತ್ತದೆ. ಹೆಗಲ ಮೇಲೆ ಗಿಡ್ಡ, ಬೆನ್ನಿನಿಂದ ಹಿಂದಕ್ಕೆ ಹೋದಂತೆ ಉದ್ದ, ಹೊಟ್ಟೆಯ ಕೆಳಗೆ ಮತ್ತು ಹಿಂದೊಡೆಗಳ ಮೇಲೆ ಅತಿ ಉದ್ದ. ಹಿಮದ ಮೇಲೆ ಕೂರುವ, ಹಿಮಕ್ಕೆ ತಾಗುವ ಭಾಗಗಳಿಗೆ ಹೆಚ್ಚಿನ ಹೊದಿಕೆ, ಪೊದೆಗಳ ನಡುವೆ ನುಸುಳುವಾಗ ಸಿಕ್ಕಿಕೊಳ್ಳುವ ಹೆಗಲಿಗೆ ಕಡಿಮೆ. ಹೊರಗೂದಲಿಗೆ ಎಣ್ಣೆಯ ಅಂಶವಿದ್ದು ನೀರು ಬೇಗ ಒಳಗಿಳಿಯುವುದಿಲ್ಲ. ಬೆರಳುಗಳ ನಡುವೆಯೂ ಕೂದಲಿನ ಕುಚ್ಚುಗಳಿವೆ. ಮಲಗುವಾಗ ಬಾಲವನ್ನು ಮುಂದಕ್ಕೆ ತಂದು ಮೂಗು ಮುಚ್ಚಿಕೊಳ್ಳುತ್ತದೆ. ಮೈ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರಹು ಕಡಿಮೆಯಾಗಿ ಶಾಖ ನಿಧಾನವಾಗಿ ಸೋರುವುದರಿಂದ ಚಳಿನಾಡಿನಲ್ಲಿ ದೊಡ್ಡ ಮೈಗೂ ಅನುಕೂಲವಿದೆ. ಆದರೆ ಇಂದಿನ ಪ್ರದರ್ಶನದ ಬೆಕ್ಕುಗಳ ದೈತ್ಯ ಗಾತ್ರಕ್ಕೆ ಚಳಿಯೊಂದೇ ಕಾರಣವಲ್ಲ. ದೊಡ್ಡದಕ್ಕೆ ಹೆಚ್ಚು ಬೆಲೆ ಎಂಬ ಲೆಕ್ಕದಲ್ಲಿ ಸಾಕಣೆಗಾರರು ಮಾಡಿದ ಆಯ್ಕೆಯೂ ಅದರಲ್ಲಿ ಸೇರಿದೆ.

ಈ ಬೆಕ್ಕು ಕೊಟ್ಟಿಗೆಯಿಂದ ಪ್ರದರ್ಶನದ ಮೇಜಿಗೆ ಬಂದ ಬಗೆಯನ್ನು ಚುಟುಕಾಗಿ ಹೇಳಬಹುದು. 1895ರ ಮೇ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಆರಂಭವಾದ ದೊಡ್ಡ ಬೆಕ್ಕಿನ ಪ್ರದರ್ಶನದಲ್ಲಿ ಕೋಸಿ ಎಂಬ ಕಂದು ಪಟ್ಟೆಯ ಹೆಣ್ಣು ಮೇನ್ ಬೆಕ್ಕು ಅತ್ಯುತ್ತಮವೆಂದು ಗೆದ್ದಿತು. ಅದಕ್ಕೆ ತೊಡಿಸಿದ ಬೆಳ್ಳಿಯ ಕೊರಳಪಟ್ಟಿ ಇಂದಿಗೂ ಅಮೆರಿಕದ ಬೆಕ್ಕುಪ್ರಿಯರ ಸಂಘವಾದ ಸಿ.ಎಫ್.ಎ.ಯ ಪ್ರತಿಷ್ಠಾನದ ಸಂಗ್ರಹದಲ್ಲಿದೆ. ಮುಂದೆ ಪರ್ಷಿಯನ್ನಿನ ಮೋಹ ಹಬ್ಬಿ ಮೇನ್ ಬೆಕ್ಕನ್ನು ಯಾರೂ ಕೇಳದಂತಾಯಿತು. 1950ರ ದಶಕದಲ್ಲಿ ತಳಿಯೇ ಅಳಿದುಹೋಯಿತೆಂದು ಸುದ್ದಿಯಾಯಿತು. ಅಳಿದದ್ದು ಪ್ರದರ್ಶನದಿಂದ ಮಾತ್ರ. ಮೇನ್‌ನ ರೈತರ ಕೊಟ್ಟಿಗೆಗಳಲ್ಲಿ ಅದು ತನ್ನ ಪಾಡಿಗೆ ಇಲಿ ಹಿಡಿಯುತ್ತಲೇ ಇತ್ತು. ಅಭಿಮಾನಿಗಳು 1968ರಲ್ಲಿ ಸಂಘ ಕಟ್ಟಿದರು, 1976ರಲ್ಲಿ ಸಿ.ಎಫ್.ಎ. ಅದಕ್ಕೆ ಪೂರ್ಣ ಸ್ಪರ್ಧಾ ಮಾನ್ಯತೆ ನೀಡಿತು, 1985ರಲ್ಲಿ ಮೇನ್ ರಾಜ್ಯ ಅದನ್ನು ತನ್ನ ಅಧಿಕೃತ ಬೆಕ್ಕೆಂದು ಘೋಷಿಸಿತು. ಮರುಜೀವ ಪಡೆದ ಈ ತಳಿಯಲ್ಲಿ ಆರಂಭದ ಕೆಲವೇ ಬೆಕ್ಕುಗಳ ರಕ್ತ ಮತ್ತೆ ಮತ್ತೆ ಬೆರೆತಿದೆ ಎಂಬುದನ್ನು ನೆನಪಿಡಬೇಕು. ಅದರ ಬೆಲೆಯನ್ನು ಹೃದಯ ತೆರುತ್ತಿದೆ.

ಇನ್ನು ಸ್ವಭಾವದ ವಿಷಯ. ಮೇನ್ ಕೂನ್ ಸಾಕಿದವರು ಎಲ್ಲ ಕಡೆ ಹೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ: ಶಾಂತ, ಸಿಟ್ಟು ಕಡಿಮೆ, ಮಕ್ಕಳೊಡನೆಯೂ ನಾಯಿಯೊಡನೆಯೂ ಹೊಂದಿಕೊಳ್ಳುತ್ತದೆ, ಯಜಮಾನರ ಹಿಂದೆ ಕೋಣೆಯಿಂದ ಕೋಣೆಗೆ ಬರುತ್ತದೆ, ಆದರೆ ತೊಡೆ ಏರಿ ಕೂರುವುದಕ್ಕಿಂತ ಪಕ್ಕದಲ್ಲಿ ಕೂರುವುದನ್ನು ಇಷ್ಟಪಡುತ್ತದೆ. ಎಸೆದ ಚೆಂಡನ್ನು ಕಚ್ಚಿ ತರುವುದನ್ನು ಕೆಲವು ತಾವಾಗಿಯೇ ಕಲಿಯುತ್ತವೆ. ಪೂರ್ತಿ ಬೆಳೆಯಲು ಮೂರರಿಂದ ಐದು ವರ್ಷ ಹಿಡಿಯುವುದರಿಂದ ನಾಡಬೆಕ್ಕು ಗಂಭೀರವಾಗುವ ವಯಸ್ಸಿನಲ್ಲಿ ಇದಿನ್ನೂ ಮರಿಯಾಟ ಆಡುತ್ತಿರುತ್ತದೆ. ಇಷ್ಟು ದೊಡ್ಡ ಪ್ರಾಣಿಯ ದನಿ ಮಾತ್ರ ಚಿಕ್ಕದು. ಮಿಯಾಂವ್ ಎಂದು ಕೂಗುವುದಕ್ಕಿಂತ ಹಕ್ಕಿಯ ಉಲಿಯನ್ನು ಹೋಲುವ, ನಾಲಗೆ ಹೊರಳಿಸಿದಂಥ ಸಣ್ಣ ಸದ್ದನ್ನು ಹೆಚ್ಚು ಮಾಡುತ್ತದೆ. ತಾಯಿಬೆಕ್ಕು ಮರಿಗಳನ್ನು ಕರೆಯುವ ಸದ್ದೂ ಇದೇ ಬಗೆಯದು.

ಕಾರವಾರದ ಕೋಡಿಬಾಗದಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಬೂದು ಪಟ್ಟೆಯ ಇಂಥದೊಂದು ಗಂಡುಬೆಕ್ಕಿದೆ. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳಿದರೆ ಎಲ್ಲಿದ್ದರೂ ಬರುತ್ತದೆ. ಹೊಸ್ತಿಲಲ್ಲಿ ಕೂತು ಬಕೆಟ್ಟಿಗೆ ಬೀಳುವ ನೀರಿಗೆ ಮುಂಗಾಲನ್ನು ಅಡ್ಡ ಹಿಡಿಯುತ್ತದೆ, ಒದ್ದೆಯಾದ ಪಂಜವನ್ನು ಕೊಡವಿ, ನೆಕ್ಕಿ, ಮತ್ತೆ ಹಿಡಿಯುತ್ತದೆ. ಕುಡಿಯುವ ಬಟ್ಟಲಿನ ನೀರನ್ನೂ ಮೊದಲು ಪಂಜದಿಂದ ಕಲಕಿ, ಮೇಲ್ಮೈ ಅಲುಗಾಡಿದ ಮೇಲೆಯೇ ಬಾಯಿ ಹಾಕುತ್ತದೆ. ಅಪರಿಚಿತರು ಬಂದರೆ ಓಡಿ ಅಡಗುವುದಿಲ್ಲ, ಮೈಮೇಲೂ ಬೀಳುವುದಿಲ್ಲ. ಎರಡು ಮಾರು ದೂರದಲ್ಲಿ ಮುಂಗಾಲು ಜೋಡಿಸಿ ಕೂತು ಎಲ್ಲವನ್ನೂ ಗಮನಿಸಿ, ಆಮೇಲೆ ಬಂದು ಚಪ್ಪಲಿಯ ವಾಸನೆ ನೋಡುತ್ತದೆ. "ಇದು ಬೆಕ್ಕೋ ನಾಯಿಮರಿಯೋ ಮಾರಾಯ್ರೆ" ಎಂದು ನೆರೆಮನೆಯವರು ಕೇಳುವುದುಂಟು. ಆದರೆ ನಾಯಿಯಂತೆ ಹೇಳಿದ್ದನ್ನು ಪಾಲಿಸುವ ಗೊಡವೆ ಅದಕ್ಕಿಲ್ಲ. ಜೊತೆ ಬೇಕು, ಅಪ್ಪಣೆ ಬೇಡ. ನಾಯಿಯ ಸ್ವಭಾವ ಎಂಬುದನ್ನು ಅರ್ಧ ನಿಜ ಎಂದದ್ದು ಇದಕ್ಕಾಗಿ.

ಈ ಸ್ವಭಾವ ಎಷ್ಟು ರಕ್ತದಿಂದ ಬಂದದ್ದು, ಎಷ್ಟು ಸಾಕಿದ ಕೈಯಿಂದ ಬಂದದ್ದು? ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 5,726 ಬೆಕ್ಕುಗಳ ಬಗ್ಗೆ ಸಾಕಿದವರಿಂದ ಪಡೆದ ಮಾಹಿತಿಯನ್ನು 2019ರಲ್ಲಿ ವಿಶ್ಲೇಷಿಸಿ, ಚಟುವಟಿಕೆ, ಅಂಜಿಕೆ, ಸಿಟ್ಟು, ಮನುಷ್ಯರ ಸಂಪರ್ಕ ಮುಂತಾದವುಗಳಲ್ಲಿ ತಳಿ ತಳಿಗೆ ವ್ಯತ್ಯಾಸವಿದೆಯೆಂದು ತೋರಿಸಿದರು. ಮೇನ್ ಕೂನ್, ರ‍್ಯಾಗ್‌ಡಾಲ್, ಟರ್ಕಿಶ್ ವ್ಯಾನ್ ಎಂಬ ಮೂರು ತಳಿಗಳ ವಂಶಾವಳಿಯನ್ನು ಆಧರಿಸಿ ಲೆಕ್ಕ ಹಾಕಿದಾಗ ವರ್ತನೆಯ ಅನುವಂಶೀಯತೆ ಶೇಕಡಾ 40ರಿಂದ 53ರಷ್ಟೆಂದು ಬಂದಿತು. ಈ ಅಂಕಿಯನ್ನು ಹಲವರು ತಪ್ಪಾಗಿ ಓದುತ್ತಾರೆ. ಒಂದು ಬೆಕ್ಕಿನ ಸ್ವಭಾವದಲ್ಲಿ ಅರ್ಧ ಪಾಲು ಹುಟ್ಟಿನದು, ಅರ್ಧ ಪಾಲು ಬೆಳೆಸಿದವರದು ಎಂದು ಇದರ ಅರ್ಥವಲ್ಲ. ಒಂದೇ ತಳಿಯ ನೂರು ಬೆಕ್ಕುಗಳನ್ನು ಸಾಲಾಗಿ ನಿಲ್ಲಿಸಿದರೆ ಅವುಗಳ ನಡುವೆ ಅಂಜುಬುರುಕುತನದಲ್ಲಿ ಕಾಣುವ ಏರುಪೇರಿನಲ್ಲಿ ಸುಮಾರು ಅರ್ಧದಷ್ಟನ್ನು ಜೀನುಗಳ ವ್ಯತ್ಯಾಸದಿಂದ ವಿವರಿಸಬಹುದು, ಉಳಿದದ್ದಕ್ಕೆ ಬೇರೆ ಕಾರಣಗಳನ್ನು ಹುಡುಕಬೇಕು ಎಂಬುದಷ್ಟೇ ಅರ್ಥ. ಆದ್ದರಿಂದ ಮೇನ್ ಕೂನ್‌ಗಳಲ್ಲಿಯೇ ಪುಕ್ಕಲು ಬೆಕ್ಕೂ ಇರುತ್ತದೆ, ಪರಚುವ ಬೆಕ್ಕೂ ಇರುತ್ತದೆ. ತಳಿಯ ಹೆಸರು ಸ್ವಭಾವಕ್ಕೆ ಜಾಮೀನು ನಿಲ್ಲುವುದಿಲ್ಲ.

ಆ ಬೇರೆ ಕಾರಣಗಳಲ್ಲಿ ಮುಖ್ಯವಾದದ್ದು ಮರಿಯ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಕಾಲ. ಆ ದಿನಗಳಲ್ಲಿ ಬೇರೆ ಬೇರೆ ಮನುಷ್ಯರು ಮೃದುವಾಗಿ ಎತ್ತಿ ಮುಟ್ಟಿದ ಮರಿ ಬದುಕಿಡೀ ಮನುಷ್ಯರನ್ನು ನಂಬುತ್ತದೆ. ಪಂಜರದ ಮೂಲೆಯಲ್ಲಿ ಆ ಕಾಲ ಕಳೆದ ಮರಿ, ಅದು ಎಷ್ಟೇ ದೊಡ್ಡ ವಂಶದ್ದಾಗಿರಲಿ, ಹೊಸಬರ ಮುಂದೆ ಮಂಚದ ಅಡಿಗೆ ಓಡುತ್ತದೆ. ಕೇಂಬ್ರಿಜ್‌ನಲ್ಲಿ ಸಾಂಡ್ರಾ ಮೆಕ್ಯೂನ್ ನಡೆಸಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿ ಸಿಕ್ಕಿತು: ಸ್ನೇಹಪರ ಗಂಡುಬೆಕ್ಕಿಗೆ ಹುಟ್ಟಿದ ಮರಿಗಳು ಹೊಸಬರನ್ನೂ ಹೊಸ ವಸ್ತುಗಳನ್ನೂ ಹೆಚ್ಚು ಧೈರ್ಯದಿಂದ ಸಮೀಪಿಸಿದವು. ಬೆಕ್ಕುಗಳಲ್ಲಿ ತಂದೆ ಮರಿಗಳನ್ನು ಸಾಕುವುದಿಲ್ಲವಾದ್ದರಿಂದ ಈ ಧೈರ್ಯ ಅನುಕರಣೆಯಿಂದ ಬಂದದ್ದಾಗಿರಲಾರದು. ಮೇನ್ ಕೂನಿನ ಶಾಂತಗುಣದ ಮೂಲವನ್ನು ಇದೇ ಜಾಡಿನಲ್ಲಿ ಊಹಿಸಬಹುದು. ತಿಂಗಳುಗಟ್ಟಲೆ ಹಿಮ ಮುಚ್ಚುವ ನಾಡಿನಲ್ಲಿ ಮನುಷ್ಯರಿಂದ ದೂರ ಸರಿದ ಬೆಕ್ಕಿಗೆ ಬೇಟೆಯೂ ಇಲ್ಲ, ಬೆಚ್ಚಗಿನ ಜಾಗವೂ ಇಲ್ಲ. ಕೊಟ್ಟಿಗೆಯ ದನಗಳ ಮಗ್ಗುಲಲ್ಲಿ ಮಲಗಬಲ್ಲ, ಒಲೆಯ ಹತ್ತಿರ ಬರಲು ಅಂಜದ, ಹತ್ತು ಬೆಕ್ಕುಗಳ ನಡುವೆ ಜಗಳವಾಡದೆ ಇರಬಲ್ಲ ಬೆಕ್ಕು ವಸಂತ ಕಾಣುವ ಸಾಧ್ಯತೆ ಹೆಚ್ಚು. ಆಮೇಲೆ ಬಂದ ಸಾಕಣೆಗಾರರು ಪ್ರದರ್ಶನದ ಮೇಜಿನ ಮೇಲೆ ಅಪರಿಚಿತರು ಮುಟ್ಟಿದರೂ ಸುಮ್ಮನಿರುವ ಬೆಕ್ಕುಗಳಿಂದಲೇ ಮರಿ ಮಾಡಿಸುತ್ತ ಹೋದರು.

ಚಳಿಗೆ ಕಟ್ಟಿದ ಈ ಮೈಯನ್ನು ನಮ್ಮ ಕರಾವಳಿಗೆ ತಂದರೆ ಏನಾಗುತ್ತದೆ? ಬೆಕ್ಕಿಗೆ ಬೆವರುವ ಗ್ರಂಥಿಗಳಿರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಅದು ಮೈಯನ್ನು ನೆಕ್ಕಿ, ಆ ಜೊಲ್ಲು ಆವಿಯಾಗುವಾಗ ಸಿಗುವ ತಂಪಿನಿಂದ ಶಾಖ ಕಳೆದುಕೊಳ್ಳುತ್ತದೆ. ಕಾರವಾರ, ಭಟ್ಕಳದ ಗಾಳಿಯಲ್ಲಿ ತೇವ ಅಷ್ಟಿರುವಾಗ ಆವಿಯಾಗುವುದೇ ನಿಧಾನ; ಒಗೆದ ಬಟ್ಟೆ ಒಣಗದ ದಿನ ಬೆಕ್ಕಿನ ಮೈಯೂ ತಣಿಯುವುದಿಲ್ಲ. ಮೇ ತಿಂಗಳಲ್ಲಿ ಅದರ ಪಾಡು ಕಂಬಳಿ ಹೊದ್ದು ಗದ್ದೆಗಿಳಿದವರ ಪಾಡೇ. ತಣ್ಣನೆಯ ನೆಲ, ಫ್ಯಾನಿನ ಗಾಳಿ, ಹಲವು ಕಡೆ ನೀರು, ನಡುಹಗಲಿನಲ್ಲಿ ಆಟವಿಲ್ಲದ ವಿಶ್ರಾಂತಿ, ಇವಿಷ್ಟು ಬೇಕೇ ಬೇಕು. ಬಾಯಿ ತೆರೆದು ಏದುಸಿರು ಬಿಡುವುದು ನಾಯಿಗೆ ಸಹಜ, ಬೆಕ್ಕಿಗೆ ಅದು ಅಪಾಯದ ಗುರುತು. ಆಗ ಪಶುವೈದ್ಯರ ಬಳಿಗೆ ಓಡಬೇಕು. ಕೂದಲು ಬೋಳಿಸಿಬಿಡುವುದು ಸುಲಭದ ದಾರಿಯಂತೆ ಕಂಡರೂ ಬಿಸಿಲು ಮತ್ತು ಸೊಳ್ಳೆಗೆ ಚರ್ಮವನ್ನು ಒಡ್ಡಿದಂತಾಗುತ್ತದೆ. ಒಳಗೂದಲು ತೆಗೆಯುವಂತೆ ವಾರಕ್ಕೆ ಎರಡು ಮೂರು ಸಲ ಬಾಚುವುದೇ ಒಳ್ಳೆಯದು. ಮುಂಗಾಲಿನ ಕಂಕುಳು, ಕಿವಿಯ ಹಿಂಭಾಗ, ಹಿಂದೊಡೆಯ ಒಳಮೈ, ಈ ಮೂರು ಕಡೆ ಮೊದಲು ಜಡೆಗಟ್ಟುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮನೆಯ ಗೋಡೆಯೇ ಬೂಸ್ಟು ಹಿಡಿಯುವಾಗ ಒದ್ದೆಯಾದ ಜಡೆಯ ಕೆಳಗಿನ ಚರ್ಮವನ್ನು ಬೆರಳಿಂದ ಬಿಡಿಸಿ ನೋಡುತ್ತಿರಬೇಕು. ದುಂಡಗೆ ಕೂದಲು ಉದುರಿದ್ದರೆ ಅದು ಹುಳುಕಡ್ಡಿಯಾಗಿರಬಹುದು, ಮನೆಯ ಮಕ್ಕಳಿಗೂ ಹರಡುತ್ತದೆ. ಶಿರಸಿಯ ಎತ್ತರದಲ್ಲಿ ಸೆಕೆ ಸ್ವಲ್ಪ ಕಡಿಮೆ, ಮಳೆಗಾಲದ ತೇವ ಮಾತ್ರ ಕಡಿಮೆಯಲ್ಲ. ಸಾಲದ್ದಕ್ಕೆ ಅಲ್ಲಿ ಉಣುಗಿನ ಕಾಟ, ಚಿರತೆಯ ಭಯ ಇರುವುದರಿಂದ ತೋಟಕ್ಕೆ ಬಿಟ್ಟು ಸಾಕುವ ಮಾತೇ ಇಲ್ಲ.

ಮನೆಯೊಳಗೇ ಇರುವ ಬೆಕ್ಕಿನ ಊಟದ ವಿಷಯದಲ್ಲಿ ನಮ್ಮ ಜಿಲ್ಲೆಯ ಎರಡು ರೂಢಿಗಳೂ ಪೂರ್ತಿ ಸರಿಯಲ್ಲ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲು-ಅನ್ನ, ಮಜ್ಜಿಗೆ-ಅನ್ನ ಹಾಕಿ ತಲೆಮಾರುಗಟ್ಟಲೆ ಸಾಕಿದ್ದಾರೆ, ಅವು ಚೆನ್ನಾಗಿಯೂ ಇವೆ. ಇದರ ಗುಟ್ಟು ಬಟ್ಟಲಿನಲ್ಲಿಲ್ಲ, ಅಟ್ಟದಲ್ಲಿದೆ. ರಾತ್ರಿ ಹಿಡಿದ ಇಲಿ, ಓತಿಕ್ಯಾತ, ಹಕ್ಕಿಗಳಿಂದ ಅವಕ್ಕೆ ಬೇಕಾದ ಮಾಂಸ ಸಿಗುತ್ತದೆ. ಟಾರಿನ್ ಎಂಬ ಪೋಷಕಾಂಶ ಬೆಕ್ಕಿನ ದೇಹದಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಅದು ಮಾಂಸದಿಂದಲೇ ಬರಬೇಕು. ಅದರ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆಂದು ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು, ಕಣ್ಣಿನ ಅಕ್ಷಿಪಟವೂ ಕೆಡುತ್ತದೆ. ಬಾಗಿಲು ಹಾಕಿದ ಮನೆಯ ಮೇನ್ ಕೂನಿಗೆ ಅಟ್ಟದ ಇಲಿ ಎಲ್ಲಿಂದ ಬರಬೇಕು? ಕರಾವಳಿಯಲ್ಲಿ ಇದಕ್ಕೆ ವಿರುದ್ಧದ ತಪ್ಪು ನಡೆಯುತ್ತದೆ: ದಿನವೂ ತಾರ್ಲೆ, ಬಂಗಡೆ ಮಾತ್ರ ಹಾಕುವುದು. ಎಣ್ಣೆ ಹೆಚ್ಚಿರುವ ಮೀನನ್ನೇ ಸದಾ ತಿಂದರೆ ಇ ಜೀವಸತ್ವದ ಕೊರತೆಯಾಗಿ ಮೈಯೊಳಗಿನ ಕೊಬ್ಬು ಉರಿಯೂತಕ್ಕೆ ಒಳಗಾಗುತ್ತದೆ, ಹೊಟ್ಟೆ ಮುಟ್ಟಿದರೆ ಬೆಕ್ಕು ನೋವಿನಿಂದ ಚೀರುತ್ತದೆ. ಕೆಲವು ಹಸಿ ಮೀನುಗಳು ಬಿ1 ಜೀವಸತ್ವವನ್ನು ನಾಶ ಮಾಡುತ್ತವೆ. ಬೇಯಿಸಿದ ಮೀನು ಆಗೀಗ ಇರಲಿ, ದಿನದ ಊಟ ಬೆಕ್ಕಿಗೆಂದೇ ಸಿದ್ಧವಾದ ಸಮತೋಲಿತ ಆಹಾರವಾಗಿರಲಿ.

ಕೊನೆಯದಾಗಿ ಹೃದಯದ ಮಾತು. ಈ ತಳಿಯಲ್ಲಿ ಹೃದಯದ ಸ್ನಾಯು ಅತಿಯಾಗಿ ದಪ್ಪವಾಗುವ ಆನುವಂಶಿಕ ಕಾಯಿಲೆ ಇದೆ. ಟಾರಿನ್ ಕೊರತೆಯ ಕಾಯಿಲೆಗಿಂತ ಇದು ಬೇರೆ, ಇದನ್ನು ಊಟದಿಂದ ತಡೆಯಲಾಗದು. ಕ್ಯಾಥರಿನ್ ಮ್ಯೂರ್ಸ್ ನೇತೃತ್ವದ ತಂಡ 2005ರಲ್ಲಿ ಇದಕ್ಕೆ ಕಾರಣವಾದ ಎಂ.ವೈ.ಬಿ.ಪಿ.ಸಿ. 3 ಜೀನಿನ ದೋಷವನ್ನು ಗುರುತಿಸಿತು. ಪರೀಕ್ಷೆಗೆ ಒಳಪಟ್ಟ ಮೇನ್ ಕೂನ್‌ಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನಲ್ಲಿ ಈ ದೋಷದ ಒಂದು ಪ್ರತಿಯಾದರೂ ಇದೆ. ಎರಡೂ ಪ್ರತಿ ಕೆಟ್ಟಿರುವ ಬೆಕ್ಕಿಗೆ ಅಪಾಯ ಹೆಚ್ಚು, ಅದೂ ಎಳೆ ವಯಸ್ಸಿನಲ್ಲಿಯೇ. ಕೆನ್ನೆಯ ಒಳಗಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿಯಿಂದ ಈ ಪರೀಕ್ಷೆ ಮಾಡಬಹುದು. ಆದರೆ ಕಾಯಿಲೆಗೆ ಬೇರೆ ಕಾರಣಗಳೂ ಇರುವುದರಿಂದ ಜೀನ್ ಪರೀಕ್ಷೆಯಲ್ಲಿ ಪಾಸಾದ ಬೆಕ್ಕಿನ ಹೃದಯವನ್ನೂ ಆಗಾಗ ಎಕೋ (ಶಬ್ದತರಂಗದ ಹೃದಯ ಪರೀಕ್ಷೆ) ಮಾಡಿಸಿ ನೋಡಬೇಕಾಗುತ್ತದೆ, ಅದಕ್ಕೆ ನಮ್ಮ ಕಡೆಯವರು ದೊಡ್ಡ ನಗರಕ್ಕೆ ಹೋಗಿ ಬರುವ ಖರ್ಚನ್ನೂ ಲೆಕ್ಕ ಹಿಡಿಯಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಸೆಕೆಯಲ್ಲಿ ತಂಪಾದ ಕೋಣೆ ಕೊಡಲಾಗದ ಕರಾವಳಿಯ ಮನೆಗೆ ಈ ಬೆಕ್ಕು ಬೇಡ. ಅದೇ ಓಣಿಯ ನಾಡಬೆಕ್ಕಿನ ಮರಿಯನ್ನು ಐದಾರು ವಾರದೊಳಗೇ ಕೈಯಲ್ಲಿ ಆಡಿಸಿ ಬೆಳೆಸಿದರೆ ಅದೂ ಹಿಂದೆ ಹಿಂದೆ ಬರುತ್ತದೆ. ತರಲೇಬೇಕೆಂದು ನಿಶ್ಚಯಿಸಿದವರು ಮಾರುವವರ ಮನೆಗೇ ಹೋಗಿ ತಾಯಿಬೆಕ್ಕನ್ನು ಕಣ್ಣಾರೆ ನೋಡಲಿ, ಸಾಧ್ಯವಾದರೆ ತಂದೆಯನ್ನೂ ನೋಡಲಿ, ಹೊಸಬರು ಕೈ ಚಾಚಿದಾಗ ಅವೆರಡೂ ಏನು ಮಾಡುತ್ತವೆಂದು ಗಮನಿಸಲಿ. ವಂಶಾವಳಿಯ ಪತ್ರದ ಜೊತೆಗೆ ತಂದೆತಾಯಿಯ ಹೃದಯ ಪರೀಕ್ಷೆಯ ವರದಿಯನ್ನೂ ಕೇಳಲಿ. ಹನ್ನೆರಡು ವಾರಕ್ಕೆ ಮುಂಚೆಯೇ ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಬಸ್ಸಿನಲ್ಲಿ ಪೆಟ್ಟಿಗೆ ಕಟ್ಟಿ ಕಳಿಸುತ್ತೇವೆ ಎನ್ನುವವರಿಗೆ ಮುಂಗಡ ಕೊಡದಿರಲಿ.